ಈಸ್ ಎಲ್ಲಿ, ಆರ್ ಎಲ್ಲಿ? ಇಂಗ್ಲಿಷ್ ಕಲಿಯುವ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ಬ್ಯಾಂಕ್ ಪರೀಕ್ಷೆಗೆ ಓದುವವರು ಬರುತ್ತಾರೆ. ಐಇಎಲ್‌ಟಿಎಸ್ ಬರೆದು ಹೊರದೇಶಕ್ಕೆ ಹೋಗಬೇಕೆಂದಿರುವ ನರ್ಸ್‌ಗಳು ಬರುತ್ತಾರೆ. ಮಕ್ಕಳ ಹೋಂವರ್ಕ್ ನೋಡಬೇಕಾದ ಅಮ್ಮಂದಿರೂ ಬರುತ್ತಾರೆ. ಸಬ್ಜೆಕ್ಟ್‌ಗೆ ಯಾವ ವರ್ಬ್ ಹಾಕಬೇಕು ಎಂಬ ಪ್ರಶ್ನೆ ಮಾತ್ರ ಎಲ್ಲರದ್ದೂ. ನಾನು ನೋಡಿದ ಮಟ್ಟಿಗೆ ನಮ್ಮವರು ಸಿಕ್ಕಸಿಕ್ಕಲ್ಲಿ ತಪ್ಪುವುದಿಲ್ಲ. ಕನ್ನಡ ಒಂದು ದಾರಿಯಲ್ಲಿ ಹೋಗಿ ಇಂಗ್ಲಿಷ್ ಇನ್ನೊಂದು ದಾರಿ ಹಿಡಿಯುವ ಕೆಲವೇ ಜಾಗಗಳಲ್ಲಿ ತಪ್ಪುತ್ತಾರೆ. ಆ ಜಾಗಗಳು ಗೊತ್ತಾದರೆ ಪುಟಗಟ್ಟಲೆ ನಿಯಮ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ, ಕಿವಿಗೆ ರೂಢಿಯಾಗುತ್ತದೆ.

ಸಬ್ಜೆಕ್ಟ್‌ಗೆ ವರ್ಬ್ ಹೊಂದಬೇಕು ಅಂದರೆ ಏನು?

ವಾಕ್ಯ ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಇದೆಯೋ ಅದು ಸಬ್ಜೆಕ್ಟ್. ಅದಕ್ಕೆ ತಕ್ಕ ಹಾಗೆ ವರ್ಬಿನ ರೂಪ ಬದಲಾಗುತ್ತದೆ. ಇದು ನಮಗೆ ಹೊಸದೇನಲ್ಲ. ‘ಅವನು ಬರುತ್ತಾನೆ’, ‘ಅವಳು ಬರುತ್ತಾಳೆ’, ‘ನಾನು ಬರುತ್ತೇನೆ’, ‘ನಾಯಿ ಬರುತ್ತದೆ’ ಎಂದು ದಿನವಿಡೀ ಬದಲಾಯಿಸುತ್ತಲೇ ಇರುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲಿ ಇಷ್ಟು ಕೆಲಸ ಇಲ್ಲ. ಗಂಡು, ಹೆಣ್ಣು ಎಂಬ ಭೇದ ವರ್ಬಿಗೆ ಇಲ್ಲವೇ ಇಲ್ಲ. ವರ್ತಮಾನ ಕಾಲದಲ್ಲಿ ಹಿ, ಶಿ, ಇಟ್ ಬಂದರೆ, ಅಥವಾ ಒಬ್ಬರ, ಒಂದು ವಸ್ತುವಿನ ಹೆಸರು ಬಂದರೆ ವರ್ಬಿಗೆ ಎಸ್ ಸೇರುತ್ತದೆ: ‘ಶಿ ವರ್ಕ್ಸ್ ಇನ್ ಮಣಿಪಾಲ್’. ಉಳಿದ ಕಡೆ ಇಲ್ಲ: ‘ದೇ ವರ್ಕ್ ಇನ್ ಮಣಿಪಾಲ್’. ಹ್ಯಾವ್ ಇದ್ದದ್ದು ಹ್ಯಾಸ್ ಆಗುತ್ತದೆ, ಡು ಇದ್ದದ್ದು ಡಸ್ ಆಗುತ್ತದೆ. ಆಮ್, ಈಸ್, ಆರ್, ವಾಸ್, ವರ್ ಎಂದು ಇಷ್ಟೊಂದು ವೇಷ ಹಾಕುವುದು ‘ಬಿ’ ಎಂಬ ಒಂದೇ ವರ್ಬ್.

ಭೂತಕಾಲದಲ್ಲೂ ಇದೆಲ್ಲ ನೋಡಬೇಕಾ?

ವಾಸ್ ಮತ್ತು ವರ್ ಬಿಟ್ಟರೆ ಬೇಡ. ‘ಹಿ ವೆಂಟ್’, ‘ದೇ ವೆಂಟ್’ ಎರಡೂ ಒಂದೇ. ಹಾಗೆಯೇ ಕ್ಯಾನ್, ವಿಲ್, ಮಸ್ಟ್, ಶುಡ್ ಯಾರಿಗೂ ಬದಲಾಗುವುದಿಲ್ಲ. ಅವುಗಳ ನಂತರ ಬರುವ ವರ್ಬಿಗೂ ಎಸ್ ಬೇಡ. ‘ಹಿ ಕ್ಯಾನ್ ಗೋಸ್’ ತಪ್ಪು, ‘ಹಿ ಕ್ಯಾನ್ ಗೋ’ ಸರಿ.

ಎಸ್ ಅಂದರೆ ಬಹುವಚನ ಅಲ್ವಾ? ಮತ್ತೆ ಒಬ್ಬನಿಗೆ ಯಾಕೆ ಎಸ್?

ನಾಮಪದಕ್ಕೆ ಎಸ್ ಬಂದರೆ ಬಹುವಚನ. ವರ್ಬಿಗೆ ಬಂದರೆ ಅದರ ಉಲ್ಟಾ, ಏಕವಚನ. ‘ದಿ ಬೋಟ್ ಕಮ್ಸ್ ಟು ಮಲ್ಪೆ’, ‘ದಿ ಬೋಟ್ಸ್ ಕಮ್ ಟು ಮಲ್ಪೆ’. ಎಸ್ ಒಂದೇ, ಒಂದೋ ಬೋಟ್‌ಗೆ, ಇಲ್ಲದಿದ್ದರೆ ಕಮ್‌ಗೆ. ಚಿಲ್ಡ್ರನ್, ಬಸ್ ತರದ ಪದಗಳಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಆದರೆ ಶುರುವಿನಲ್ಲಿ ಒಳ್ಳೆ ಆಸರೆ.

ಈ ಎರಡು ಎಸ್‌ಗಳಿಗೆ ಸಂಬಂಧ ಇಲ್ಲ, ಮೂಲವೇ ಬೇರೆ. ಹಿಂದೆ ಇಂಗ್ಲಿಷ್‌ನಲ್ಲೂ ನಮ್ಮ ಹಾಗೆ ಬೇರೆ ಬೇರೆ ಪ್ರತ್ಯಯಗಳಿದ್ದವು. 1611ರ ಇಂಗ್ಲಿಷ್ ಬೈಬಲ್ ತೆರೆದರೆ ‘ಹಿ ಗೋಸ್’ ಬದಲು ‘ಹಿ ಗೋಯೆತ್’ ಎಂದೇ ಇರುತ್ತದೆ. ಇಂಗ್ಲೆಂಡಿನ ಉತ್ತರ ಭಾಗದವರು ಎಸ್ ಹಚ್ಚಿ ಮಾತಾಡುತ್ತಿದ್ದರು. ಅದೇ ನಿಧಾನವಾಗಿ ದಕ್ಷಿಣಕ್ಕೂ ಹಬ್ಬಿತು. ಬೇರೆ ಪ್ರತ್ಯಯಗಳು ಬಿದ್ದುಹೋದವು, ಇದೊಂದು ಉಳಿಯಿತು.

‘ಮೈ ಫಾದರ್ ಈಸ್’ ಅಂದರೆ ಅಪ್ಪನನ್ನು ಏಕವಚನದಲ್ಲಿ ಕರೆದ ಹಾಗಾಗುವುದಿಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಖುಷಿಯಾಗುತ್ತದೆ. ಕೇಳುವವರ ಮನಸ್ಸಿನಲ್ಲಿರುವ ಮರ್ಯಾದೆ ಅದರಲ್ಲಿ ಕಾಣುತ್ತದೆ. ನಮ್ಮಲ್ಲಿ ‘ಅಪ್ಪ ಬಂದರು’, ‘ಸರ್ ಇದ್ದಾರೆ’, ‘ಅಜ್ಜಿ ಮಲಗಿದ್ದಾರೆ’. ತುಳುವಿನಲ್ಲೂ ಹಾಗೆ, ‘ಆರ್ ಬರ್ಪೆರ್’, ಅಂದರೆ ‘ಅವರು ಬರುತ್ತಾರೆ’. ಆಸಾಮಿ ಒಬ್ಬರೇ, ಕ್ರಿಯಾಪದ ಬಹುವಚನ. ಗೌರವ ಕೂರುವುದೇ ಅಲ್ಲಿ. ಹಾಗಾಗಿ ಆಫೀಸಿನ ರಿಸೆಪ್ಶನ್‌ನಲ್ಲಿ ‘ಸರ್ ಆರ್ ನಾಟ್ ಇನ್ ದಿ ಕ್ಯಾಬಿನ್’, ‘ಮೇಡಂ ಹ್ಯಾವ್ ಗಾನ್ ಫಾರ್ ಲಂಚ್’ ಎಂದು ಬಾಯಿಗೆ ಬರುತ್ತದೆ. ಹೇಳುವವರಿಗೆ ವ್ಯಾಕರಣ ಬರುವುದಿಲ್ಲ ಎಂದಲ್ಲ, ‘ಈಸ್’ ಅನ್ನಲು ನಾಲಿಗೆ ಹಿಂಜರಿಯುತ್ತದೆ.

ಇಂಗ್ಲಿಷ್‌ನಲ್ಲಿ ವರ್ಬು ಗೌರವ ಹೊರುವುದಿಲ್ಲ, ಎಣಿಕೆ ಮಾತ್ರ ನೋಡುತ್ತದೆ. ರಾಷ್ಟ್ರಪತಿಗೂ ‘ದಿ ಪ್ರೆಸಿಡೆಂಟ್ ಈಸ್’. ಉಡುಪಿ ಕೃಷ್ಣಮಠದಲ್ಲಿ ಪೂಜೆಯ ಸರದಿ ಹೊತ್ತ ಪರ್ಯಾಯ ಪೀಠದ ಸ್ವಾಮೀಜಿಯವರ ಬಗ್ಗೆ ಬರೆದರೂ ‘ದಿ ಸ್ವಾಮೀಜಿ ಪರ್ಫಾರ್ಮ್ಸ್ ದಿ ಪೂಜಾ’. ಗೌರವ ತೋರಿಸಲು ಅಲ್ಲಿ ಬೇರೆ ದಾರಿಗಳಿವೆ: ಸರ್, ಮೇಡಂ, ಮಿಸ್ಟರ್, ಪ್ಲೀಸ್, ‘ವುಡ್ ಯೂ’, ‘ಕುಡ್ ಯೂ’. ‘ಮೈ ಫಾದರ್ ಈಸ್ ಎ ಟೀಚರ್’ ಎಂದರೆ ನಿಮ್ಮ ಅಪ್ಪನ ಮರ್ಯಾದೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ‘ಯೂ’ ಒಬ್ಬರೇ ಇದ್ದರೂ ‘ಆರ್’ ಯಾಕೆ?

ಯಾಕೆಂದರೆ ‘ಯೂ’ ಮೊದಲು ಬಹುವಚನವೇ ಆಗಿತ್ತು, ನಮ್ಮ ‘ನೀವು’ ಇದ್ದ ಹಾಗೆ. ‘ನೀನು’ ಎನ್ನಲು ‘ದೌ’ ಇತ್ತು. ದೊಡ್ಡವರಿಗೆ, ಪರಿಚಯ ಇಲ್ಲದವರಿಗೆ ಗೌರವದಿಂದ ‘ಯೂ’ ಅನ್ನುತ್ತಿದ್ದರು. ಬರುಬರುತ್ತಾ ಎಲ್ಲರಿಗೂ ‘ಯೂ’ ಆಯಿತು, ‘ದೌ’ ದಿನಬಳಕೆಯಿಂದ ಹೋಯಿತು. ಬಹುವಚನದ ‘ಆರ್’ ಜೊತೆಗೇ ಉಳಿಯಿತು. ಗೌರವಕ್ಕೆ ಬಹುವಚನ ಬಳಸುವ ಪದ್ಧತಿ ಇಂಗ್ಲಿಷ್‌ಗೂ ಗೊತ್ತಿತ್ತು ಎನ್ನಲು ಇದೊಂದು ಗುರುತು ಉಳಿದಿದೆ.

‘ಹಿ ಡೋಂಟ್ ನೋ’ ಎಂದು ಎಷ್ಟು ತಿದ್ದಿದರೂ ಮತ್ತೆ ಮತ್ತೆ ಬರುತ್ತದೆ. ಏನು ಮಾಡಲಿ?

ಕನ್ನಡದಲ್ಲಿ ‘ಇಲ್ಲ’ ಬಂತೆಂದರೆ ಕ್ರಿಯಾಪದ ಯಾರಿಗೂ ಬದಲಾಗುವುದಿಲ್ಲ. ‘ನಾನು ಬರುವುದಿಲ್ಲ’, ‘ಅವನು ಬರುವುದಿಲ್ಲ’, ‘ಅವರು ಬರುವುದಿಲ್ಲ’. ನಮ್ಮ ಮಂಗಳೂರು ಕಡೆಯ ‘ಬರುದಿಲ್ಲ’ ಕೂಡ ಹಾಗೆಯೇ. ‘ಬರುತ್ತಾನೆ, ಬರುತ್ತಾಳೆ’ ಎಂಬ ವ್ಯತ್ಯಾಸವೆಲ್ಲ ಅಲ್ಲಿ ಮಾಯ. ಆದ್ದರಿಂದ ‘ಶಿ ನೋಸ್’ ಸರಿಯಾಗಿ ಹೇಳುವವರೂ ಇಲ್ಲ ಎನ್ನುವ ವಾಕ್ಯಕ್ಕೆ ಬಂದಾಗ ‘ಶಿ ಡೋಂಟ್ ನೋ’ ಎಂದುಬಿಡುತ್ತಾರೆ. ‘ಬಂದಿಲ್ಲ’ ಎಂಬುದೂ ಎಲ್ಲರಿಗೂ ಒಂದೇ. ಅದರಿಂದಲೇ ‘ಹಿ ಹ್ಯಾವಂಟ್ ಕಮ್’ ಹುಟ್ಟುತ್ತದೆ.

ಇಂಗ್ಲಿಷ್‌ನಲ್ಲಿ ಇಲ್ಲ ಎನ್ನುವಾಗಲೂ ಎಣಿಕೆ ನೋಡಲೇಬೇಕು: ‘ಹಿ ಡಸಂಟ್ ನೋ’, ‘ಹಿ ಹ್ಯಾಸಂಟ್ ಕಮ್’. ಅಭ್ಯಾಸ ಮಾಡುವಾಗ ಹೌದು ಎನ್ನುವ ವಾಕ್ಯಗಳನ್ನು ಸ್ವಲ್ಪ ಬದಿಗಿಟ್ಟು, ಇಲ್ಲ ಎನ್ನುವ ವಾಕ್ಯಗಳನ್ನೇ ಜಾಸ್ತಿ ಹೇಳಿ. ಮನೆಯವರ ಬಗ್ಗೆ ಹೇಳಿ: ಅಮ್ಮ ಕಾಫಿ ಕುಡಿಯುವುದಿಲ್ಲ, ತಮ್ಮ ಮೀನು ತಿನ್ನುವುದಿಲ್ಲ, ಅಜ್ಜ ಮೊಬೈಲ್ ಮುಟ್ಟುವುದಿಲ್ಲ. ಎಲ್ಲದಕ್ಕೂ ಡಸಂಟ್. ನಮ್ಮವರಿಗೆ ಅತಿ ಹೆಚ್ಚು ಪ್ರಯೋಜನವಾಗುವ ಅಭ್ಯಾಸ ಇದೇ ಎಂದು ನನ್ನ ಗಟ್ಟಿ ನಂಬಿಕೆ.

‘ಡಸ್ ಹಿ ಗೋಸ್’ ಅನ್ನಬಹುದಾ?

ಇಲ್ಲ. ಎಸ್ ಆಗಲೇ ‘ಡಸ್’ ಒಳಗೆ ಸೇರಿಕೊಂಡಿದೆ. ‘ಡಸ್ ಹಿ ಗೋ’, ‘ಹಿ ಡಸಂಟ್ ಗೋ’.

ಎವ್ರಿವನ್ ಅಂದರೆ ಎಲ್ಲರೂ. ಮತ್ತೆ ‘ಎವ್ರಿವನ್ ಹ್ಯಾಸ್’ ಯಾಕೆ?

‘ಎಲ್ಲರೂ ಬಂದಿದ್ದಾರೆ’ ಎಂದು ಹೇಳಿ ಹೇಳಿ ನಮಗೆ ‘ಎವ್ರಿವನ್ ಹ್ಯಾವ್ ಕಮ್’ ಸಹಜ ಅನಿಸುತ್ತದೆ. ‘ಪ್ರತಿಯೊಬ್ಬರೂ’ ಎಂಬುದಕ್ಕೂ ನಾವು ಬಹುವಚನವನ್ನೇ ಹಾಕುತ್ತೇವೆ. ಇಂಗ್ಲಿಷ್ ಗುಂಪನ್ನು ಒಟ್ಟಿಗೆ ನೋಡದೆ ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿಕೊಂಡು ನೋಡುತ್ತದೆ. ಹಾಗಾಗಿ ಎವ್ರಿವನ್, ಎವ್ರಿಬಡಿ, ಎನಿವನ್, ಸಮ್‌ವನ್, ನೋಬಡಿ, ಈಚ್ ಎಲ್ಲದಕ್ಕೂ ಏಕವಚನ.

‘ಈಚ್’ ಅರ್ಥ ಮಾಡಿಕೊಳ್ಳಲು ಉಡುಪಿಯ ಅಷ್ಟಮಠಗಳನ್ನೇ ನೋಡಿ. ಎಂಟೂ ಮಠಗಳನ್ನು ಒಟ್ಟಿಗೆ ಹೇಳಿದರೆ ‘ದಿ ಎಯ್ಟ್ ಮಠಾಸ್ ಟೇಕ್ ಟರ್ನ್ಸ್’. ಒಂದೊಂದರ ಸರದಿ ಹೇಳಿದರೆ ‘ಈಚ್ ಆಫ್ ದಿ ಎಯ್ಟ್ ಮಠಾಸ್ ಗೆಟ್ಸ್ ಟೂ ಇಯರ್ಸ್’. ಪರ್ಯಾಯದಲ್ಲಿ ಒಂದು ಮಠಕ್ಕೆ ಎರಡು ವರ್ಷ, ಸುತ್ತು ಮುಗಿಯಲು 16 ವರ್ಷ. ಎರಡನೇ ವಾಕ್ಯದಲ್ಲಿ ‘ಮಠಾಸ್’ ಎಂಬ ಬಹುವಚನ ಇದ್ದರೂ ವರ್ಬ್ ಕೇಳುವುದು ‘ಈಚ್’ ಮಾತನ್ನು.

ಪ್ರಶ್ನೆಯ ‘ಹೂ’ ಕೂಡ ಇದೇ ಸಾಲಿಗೆ. ‘ಯಾರು ಬಂದಿದ್ದಾರೆ?’ ಎಂದು ನಾವು ಕೇಳುತ್ತೇವೆ, ಅಲ್ಲಿ ‘ಹೂ ಹ್ಯಾಸ್ ಕಮ್?’ ಎಂದು ಕೇಳುತ್ತಾರೆ.

‘ಒನ್ ಆಫ್ ಮೈ ಫ್ರೆಂಡ್ಸ್’ ಆದ ಮೇಲೆ?

‘ಈಸ್’. ಮಾತು ಆ ಒಬ್ಬ ಗೆಳೆಯನದ್ದು. ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಕಾರ್ಕಳ’. ‘ಒನ್ ಆಫ್ ಮೈ ಫ್ರೆಂಡ್’ ಎಂದು ಎಸ್ ಬಿಡುವುದೂ ತಪ್ಪು. ಹಲವು ಗೆಳೆಯರಲ್ಲಿ ಒಬ್ಬ ತಾನೆ?

ಬ್ಯಾಂಕ್ ಪರೀಕ್ಷೆಗೆ ಓದುವವರು ಇದರ ಇನ್ನೊಂದು ಮುಖವನ್ನೂ ನೋಡಿಕೊಳ್ಳಬೇಕು. ‘ಶಿ ಈಸ್ ಒನ್ ಆಫ್ ದೋಸ್ ನರ್ಸಸ್ ಹೂ ವರ್ಕ್ ಅಟ್ ನೈಟ್’. ಇಲ್ಲಿ ‘ವರ್ಕ್ಸ್’ ಅಲ್ಲ. ರಾತ್ರಿ ಕೆಲಸ ಮಾಡುವ ನರ್ಸ್‌ಗಳು ಹಲವರಿದ್ದಾರೆ, ಅವರಲ್ಲಿ ಇವಳೊಬ್ಬಳು. ‘ಹೂ’ ಅಂಟಿಕೊಂಡಿರುವುದು ‘ನರ್ಸಸ್’ಗೆ.

ಉದ್ದ ವಾಕ್ಯದಲ್ಲಿ ಸಬ್ಜೆಕ್ಟ್ ಯಾವುದು ಎಂದೇ ಗೊತ್ತಾಗುವುದಿಲ್ಲ. ಹೇಗೆ ಹುಡುಕುವುದು?

ಒಬ್ಬಳು ಹುಡುಗಿ ಕೆಲಸಕ್ಕೆ ಅರ್ಜಿ ಬರೆದು ತೋರಿಸಿದಳು. ಕೊನೆಯ ಸಾಲು ಹೀಗಿತ್ತು: ‘ದಿ ಲಿಸ್ಟ್ ಆಫ್ ಸರ್ಟಿಫಿಕೇಟ್ಸ್, ಮಾರ್ಕ್ಸ್ ಕಾರ್ಡ್ಸ್ ಆಂಡ್ ಫೋಟೋಸ್ ಆರ್ ಎನ್‌ಕ್ಲೋಸ್ಡ್’. ‘ಆಫ್’ನಿಂದ ‘ಫೋಟೋಸ್’ವರೆಗೆ ಬೆರಳಿಟ್ಟು ಮುಚ್ಚಿ ಓದು ಎಂದೆ. ‘ದಿ ಲಿಸ್ಟ್ ಆರ್ ಎನ್‌ಕ್ಲೋಸ್ಡ್’ ಎಂದು ಓದಿದಳು. ಓದಿದ ಕೂಡಲೇ ಅವಳೇ ‘ಆರ್’ ಹೊಡೆದು ‘ಈಸ್’ ಬರೆದಳು. ಆಮೇಲೆ ಕೇಳಿದೆ, ‘ಲಿಸ್ಟ್ ಇಟ್ಟಿದ್ದೀಯಾ, ಸರ್ಟಿಫಿಕೇಟ್ ಇಟ್ಟಿದ್ದೀಯಾ?’ ಅವಳು ಲಿಸ್ಟೇ ಮಾಡಿರಲಿಲ್ಲ! ಹಾಗಾಗಿ ‘ದಿ ಲಿಸ್ಟ್ ಆಫ್’ ತೆಗೆದುಹಾಕಿ ‘ಆರ್’ ವಾಪಸ್ ತಂದೆವು. ವರ್ಬ್ ಹೊಂದಿಸಲು ಹೋಗಿ, ತಾನು ಏನು ಹೇಳಬೇಕೆಂದಿದ್ದಳು ಎಂಬುದೇ ಸ್ಪಷ್ಟವಾಯಿತು.

ಈ ತಪ್ಪು ನಮಗೆ ಜಾಸ್ತಿ ಆಗುವುದಕ್ಕೂ ಕಾರಣ ಇದೆ. ‘ಸರ್ಟಿಫಿಕೇಟುಗಳ ಪಟ್ಟಿ ಇದೆ’ ಎನ್ನುವಾಗ ಮುಖ್ಯ ಪದವಾದ ‘ಪಟ್ಟಿ’ ಕ್ರಿಯಾಪದಕ್ಕೆ ತಾಗಿಕೊಂಡೇ ಇರುತ್ತದೆ. ಪಕ್ಕದ ಪದ ನೋಡಿದರೆ ಸಾಕು. ಇಂಗ್ಲಿಷ್‌ನಲ್ಲಿ ಮುಖ್ಯ ಪದ ಮೊದಲೇ ಬಂದುಬಿಡುತ್ತದೆ. ಆಮೇಲೆ ‘ಆಫ್’, ‘ಇನ್’, ‘ವಿತ್’, ‘ಫ್ರಮ್’ ಎಂದು ಬಾಲ ಬೆಳೆಯುತ್ತದೆ, ವರ್ಬ್ ದೂರ ಉಳಿಯುತ್ತದೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಪಕ್ಕದ ಪದವನ್ನೇ ಹಿಡಿಯುತ್ತದೆ. ‘ದಿ ರೂಮ್ಸ್ ಇನ್ ದಿಸ್ ಹಾಸ್ಟೆಲ್’ ಎಂದಾದ ಮೇಲೆ ಹಾಸ್ಟೆಲ್ ನೋಡಬೇಡಿ, ಎಡಕ್ಕೆ ಹೋಗಿ ರೂಮ್ಸ್ ನೋಡಿ: ‘ಆರ್ ಕ್ಲೀನ್’. ಆ ಸಣ್ಣ ಪದಗಳು ಕಂಡ ಕೂಡಲೇ ಅಲ್ಲಿಂದ ವರ್ಬಿನವರೆಗೆ ಮುಚ್ಚಿಬಿಡಿ. ಪರೀಕ್ಷೆಯಲ್ಲಿ ಪೆನ್ಸಿಲ್‌ನಲ್ಲಿ ಕಂಸ ಹಾಕಿದರೂ ಆದೀತು.

‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’, ‘ಟುಗೆದರ್ ವಿತ್’ ಇದ್ದರೂ ಇದೇ ಉಪಾಯ. ‘ದಿ ಡ್ರೈವರ್, ಅಲಾಂಗ್ ವಿತ್ ಟೂ ಕಂಡಕ್ಟರ್ಸ್, ಈಸ್ ವೇಟಿಂಗ್’. ಕಂಡಕ್ಟರುಗಳು ಜೊತೆಗೆ ಬಂದವರಷ್ಟೇ.

‘ಆಂಡ್’ ಬಂದರೆ ಯಾವಾಗಲೂ ‘ಆರ್’ ಹಾಕಬೇಕಾ?

ಸಾಮಾನ್ಯವಾಗಿ ಹೌದು. ‘ಕಾಪು ಆಂಡ್ ಮುಲ್ಕಿ ಆರ್ ಆನ್ ದಿ ಹೈವೇ’. ಎರಡು ಸೇರಿ ಒಂದೇ ವಸ್ತು ಎಂದು ಜನ ಒಪ್ಪಿದ್ದರೆ ಏಕವಚನ. ಕೋರಿ ರೊಟ್ಟಿ ತಿನ್ನುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೋಳಿ ಸಾರು ಬೇರೆ, ಗರಿಗರಿ ರೊಟ್ಟಿ ಬೇರೆ, ಆದರೆ ಹೋಟೆಲಿನಲ್ಲಿ ಆರ್ಡರ್ ಒಂದೇ: ‘ಕೋರಿ ರೊಟ್ಟಿ ಈಸ್ ರೆಡಿ’. ಇಂಗ್ಲಿಷರ ‘ಬ್ರೆಡ್ ಆಂಡ್ ಬಟರ್ ಈಸ್’ ಕೂಡ ಹೀಗೆಯೇ.

‘ಈದರ್... ಆರ್’, ‘ನೀದರ್... ನಾರ್’ ಬಂದರೆ?

ವರ್ಬಿಗೆ ಹತ್ತಿರ ಇರುವುದನ್ನು ನೋಡಿ. ‘ನೀದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ವರ್ ದೇರ್’. ತಿರುಗಿಸಿದರೆ ‘ನೀದರ್ ದಿ ಸ್ಟೂಡೆಂಟ್ಸ್ ನಾರ್ ದಿ ಟೀಚರ್ ವಾಸ್ ದೇರ್’. ಮೊದಲನೆಯದು ಕಿವಿಗೆ ಹಿತ, ಆದ್ದರಿಂದ ಬಹುವಚನವನ್ನು ಕೊನೆಗೆ ಇಡಿ.

‘ದೇರ್ ಈಸ್’, ‘ದೇರ್ ಆರ್’ ಯಾವಾಗಲೂ ಗೊಂದಲ. ನಮ್ಮ ಊರಿನವರಿಗೇ ಇದು ಜಾಸ್ತಿಯಾ?

ಇರಬಹುದು, ಯಾಕೆಂದರೆ ನಮ್ಮಲ್ಲಿ ‘ಉಂಟು’ ಉಂಟು. ಪುಸ್ತಕದ ಕನ್ನಡದಲ್ಲಿ ‘ಬಸ್ಸು ಇದೆ’, ‘ಬಸ್ಸುಗಳು ಇವೆ’ ಎಂಬ ವ್ಯತ್ಯಾಸ ಇದೆ. ನಾವು ಮಾತಾಡುವಾಗ ‘ಒಂದು ಬಸ್ಸು ಉಂಟು’, ‘ತುಂಬಾ ಬಸ್ಸು ಉಂಟು’. ‘ಉಂಟು’ ಕದಲುವುದಿಲ್ಲ. ಬಸ್ಸಿಗೂ ‘ಗಳು’ ಬೇಕಾಗಿಲ್ಲ. ಹೀಗಾಗಿ ಇಂಗ್ಲಿಷ್‌ನಲ್ಲಿ ‘ದೇರ್ ಈಸ್ ಮೆನಿ ಬಸ್’ ಎಂದು ಎರಡು ಕಡೆ ಒಟ್ಟಿಗೆ ತಪ್ಪುತ್ತದೆ.

‘ದೇರ್’ ಸುಮ್ನೆ ಮುಂದೆ ನಿಂತಿರುತ್ತದೆ, ಅದು ನಿಜವಾದ ಸಬ್ಜೆಕ್ಟ್ ಅಲ್ಲ. ವರ್ಬಿನ ನಂತರ ಏನು ಬರುತ್ತದೆ ಎಂದು ಮೊದಲೇ ಯೋಚಿಸಿಕೊಳ್ಳಿ. ‘ದೇರ್ ಆರ್ ಮೆನಿ ಬಸಸ್ ಫ್ರಮ್ ಸ್ಟೇಟ್ ಬ್ಯಾಂಕ್ ಟು ಉಡುಪಿ’ (ಸ್ಟೇಟ್ ಬ್ಯಾಂಕ್ ಅಂದರೆ ಮಂಗಳೂರಿನ ಬಸ್ ನಿಲ್ದಾಣ). ‘ದೇರ್ ಈಸ್ ಎ ಬಸ್ ಟು ಕಿನ್ನಿಗೋಳಿ’. ಇಂಗ್ಲಿಷ್ ಮನೆಮಾತಿನವರೂ ಮಾತಿನ ಓಟದಲ್ಲಿ ಬಹುವಚನಕ್ಕೆ ‘ದೇರ್ಸ್’ ಅನ್ನುವುದುಂಟು. ಬರೆಯುವಾಗ ಬೇಡ.

ಫಿಶ್ ಈಸ್, ಫಿಶ್ ಆರ್, ಯಾವುದು ಸರಿ?

ಎರಡೂ ಸರಿ, ಅರ್ಥ ಬೇರೆ. ‘ಫಿಶ್’ ಎಂಬ ಪದ ಬಹುವಚನದಲ್ಲೂ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಮಲ್ಪೆ ಬಂದರಿನಲ್ಲಿ ಬುಟ್ಟಿ ತುಂಬ ಬಂಗುಡೆ ನೋಡಿ ‘ದಿ ಫಿಶ್ ಆರ್ ಫ್ರೆಶ್’ ಎನ್ನಬಹುದು. ಕೈಯಲ್ಲಿ ಒಂದು ಅಂಜಲ್ ಹಿಡಿದರೆ ‘ದಿ ಫಿಶ್ ಈಸ್ ಫ್ರೆಶ್’. ತಟ್ಟೆಯಲ್ಲಿರುವ ಮೀನಿನ ಪದಾರ್ಥಕ್ಕೂ ‘ಈಸ್’. ಇಲ್ಲಿ ಒಂದಾ, ಹಲವಾ ಎಂದು ಹೇಳುವ ಕೆಲಸ ಪೂರ್ತಿ ವರ್ಬಿನದ್ದು. ನನಗೆ ಬಹಳ ಇಷ್ಟವಾದ ಉದಾಹರಣೆ ಇದು.

ಇನ್ನೊಂದು ಸಂಗತಿ. ಐಎನ್‌ಜಿ ಹಚ್ಚಿದ ಕೆಲಸದ ಹೆಸರೇ ಸಬ್ಜೆಕ್ಟ್ ಆದರೆ ಏಕವಚನ, ಪಕ್ಕದಲ್ಲಿ ಎಷ್ಟೇ ಬಹುವಚನ ಇರಲಿ. ‘ಫಿಶಿಂಗ್ ವಿತ್ ಬಿಗ್ ಬೋಟ್ಸ್ ಈಸ್ ಬ್ಯಾನ್ಡ್ ಇನ್ ಜೂನ್ ಆಂಡ್ ಜುಲೈ’. ನಿಷೇಧ ಮೀನುಗಾರಿಕೆಗೆ.

ಲಗೇಜ್, ಫರ್ನಿಚರ್, ನ್ಯೂಸ್, ಮ್ಯಾಥಮ್ಯಾಟಿಕ್ಸ್?

ಎಲ್ಲದಕ್ಕೂ ‘ಈಸ್’. ಇನ್ಫರ್ಮೇಶನ್, ಅಡ್ವೈಸ್, ಇಕ್ವಿಪ್‌ಮೆಂಟ್ ಕೂಡ. ‘ಲಗೇಜಸ್’, ‘ಫರ್ನಿಚರ್ಸ್’ ಎಂದು ಬೋರ್ಡುಗಳಲ್ಲಿ ಕಾಣುತ್ತದೆ, ಬರೆಯಬೇಡಿ. ನ್ಯೂಸ್, ಫಿಸಿಕ್ಸ್, ಎಕನಾಮಿಕ್ಸ್ ಕೊನೆಯಲ್ಲಿ ಎಸ್ ಇದ್ದರೂ ಏಕವಚನ. ಇದಕ್ಕೆ ವಿರುದ್ಧವಾಗಿ ಕತ್ತರಿ, ಪ್ಯಾಂಟ್, ಕನ್ನಡಕ ನಮಗೆ ಒಂದೊಂದೇ, ಅವರಿಗೆ ಬಹುವಚನ: ‘ದಿ ಸಿಸರ್ಸ್ ಆರ್’, ‘ಮೈ ಗ್ಲಾಸಸ್ ಆರ್’.

ಪೊಲೀಸ್ ಹ್ಯಾಸ್ ಅಥವಾ ಪೊಲೀಸ್ ಹ್ಯಾವ್?

‘ದಿ ಪೊಲೀಸ್ ಹ್ಯಾವ್’. ಪೀಪಲ್‌ಗೂ ‘ಆರ್’. ಒಬ್ಬರೇ ಇದ್ದರೆ ‘ಎ ಪೊಲೀಸ್ ಆಫೀಸರ್ ಹ್ಯಾಸ್’.

ಟೀಮ್, ಫ್ಯಾಮಿಲಿ, ಕಮಿಟಿ?

ಇಲ್ಲಿ ಇಂಗ್ಲಿಷರೇ ಎರಡು ಪಂಗಡ. ಅಮೆರಿಕದವರು ಸಾಮಾನ್ಯವಾಗಿ ಏಕವಚನ ಹಾಕುತ್ತಾರೆ. ಬ್ರಿಟನ್ನಿನವರು ಗುಂಪನ್ನು ಒಂದಾಗಿ ನೋಡಿದರೆ ಏಕವಚನ, ಒಳಗಿನ ಜನರನ್ನು ನೋಡಿದರೆ ಬಹುವಚನ ಹಾಕುತ್ತಾರೆ. ಯಕ್ಷಗಾನ ಮೇಳ ತಿರುಗಾಟದಲ್ಲಿದೆ ಎನ್ನಲು ‘ದಿ ಟ್ರೂಪ್ ಟ್ರಾವೆಲ್ಸ್ ಫ್ರಮ್ ವಿಲೇಜ್ ಟು ವಿಲೇಜ್’ ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಚೌಕಿಯಲ್ಲಿ ಒಬ್ಬೊಬ್ಬರೂ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ ಎನ್ನಬೇಕಾದಾಗ ‘ದಿ ಟ್ರೂಪ್ ಆರ್’ ಎಂದು ಹೆಣಗಾಡುವ ಬದಲು ‘ದಿ ಆರ್ಟಿಸ್ಟ್ಸ್ ಆರ್’ ಎನ್ನಿ. ಯಾವುದನ್ನೇ ಆರಿಸಿ, ಒಂದೇ ಬರಹದಲ್ಲಿ ಎರಡನ್ನೂ ಕಲಸಬೇಡಿ.

‘ಸಿಕ್ಸ್ಟಿ ಕಿಲೋಮೀಟರ್ಸ್ ಈಸ್’ ಹೇಗೆ ಸರಿಯಾಗುತ್ತದೆ?

ದೂರ, ಹಣ, ಸಮಯ ಒಂದು ಮೊತ್ತವಾಗಿ ಬಂದರೆ ಏಕವಚನ. ‘ಸಿಕ್ಸ್ಟಿ ಕಿಲೋಮೀಟರ್ಸ್ ಈಸ್ ಎ ಲಾಂಗ್ ವೇ ಟು ವಾಕ್’. ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಎನಫ್’.

ಹೆಸರುಗಳಲ್ಲೂ ಅರ್ಥವನ್ನೇ ನೋಡಬೇಕು. ‘ದಿ ಯುನೈಟೆಡ್ ಸ್ಟೇಟ್ಸ್ ಈಸ್’, ಅದು ಒಂದು ದೇಶ. ಮಲ್ಪೆಯ ಎದುರಿನ ‘ಸೇಂಟ್ ಮೇರೀಸ್ ಐಲ್ಯಾಂಡ್ಸ್ ಆರ್’, ಅವು ಹಲವು ದ್ವೀಪಗಳು.

‘ಎ ನಂಬರ್ ಆಫ್’, ‘ದಿ ನಂಬರ್ ಆಫ್’ ನಡುವೆ ವ್ಯತ್ಯಾಸ ಏನು?

‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್’ ಅಂದರೆ ಹಲವು ವಿದ್ಯಾರ್ಥಿಗಳು ಬಂದಿಲ್ಲ. ‘ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’ ಅಂದರೆ ಸಂಖ್ಯೆ ಚಿಕ್ಕದು. ತಪ್ಪು ಹುಡುಕುವ ಪ್ರಶ್ನೆಗಳಿಗೆ ಇದು ಹೇಳಿ ಮಾಡಿಸಿದ ವಾಕ್ಯ. ‘ಮೋಸ್ಟ್ ಆಫ್’, ‘ಸಮ್ ಆಫ್’, ‘ಹಾಫ್ ಆಫ್’ ಬಂದರೆ ಮಾತ್ರ ಬೆರಳಿಡುವ ಉಪಾಯ ಬಿಟ್ಟು ‘ಆಫ್’ ನಂತರದ ಪದ ನೋಡಿ: ‘ಹಾಫ್ ಆಫ್ ದಿ ರೈಸ್ ಈಸ್’, ‘ಹಾಫ್ ಆಫ್ ದಿ ಕೋಕನಟ್ಸ್ ಆರ್’.

ಅರ್ಥ ಹೇಗಿದ್ದರೂ ತಿಳಿಯುತ್ತದಲ್ವಾ? ಇಷ್ಟು ತಲೆಕೆಡಿಸಿಕೊಳ್ಳಬೇಕಾ?

ಬಸ್ಸಿನಲ್ಲಿ, ಅಂಗಡಿಯಲ್ಲಿ ಬೇಡ. ಧೈರ್ಯವಾಗಿ ಮಾತಾಡಿ, ಎಸ್ ಬಿಟ್ಟುಹೋದರೆ ಹೋಗಲಿ. ಬರೆಯುವಾಗ ಬೇಕು. ಐಇಎಲ್‌ಟಿಎಸ್‌ನ ಬರವಣಿಗೆ ಮತ್ತು ಮಾತು ಎರಡರಲ್ಲೂ ಅಂಕ ಕೊಡುವ ನಾಲ್ಕು ಅಳತೆಗಳಲ್ಲಿ ವ್ಯಾಕರಣ ಒಂದು. ಆಸ್ಪತ್ರೆಯಲ್ಲಿ ರೋಗಿಯ ಬಗ್ಗೆ ನೋಟ್ ಬರೆಯುವ ನರ್ಸ್‌ಗೆ ಒಂದಾ, ಹಲವಾ ಎಂಬುದು ಸಣ್ಣ ವಿಷಯವೂ ಅಲ್ಲ. ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಓದಿ. ಆ ಓದಿನಲ್ಲಿ ಬೇರೇನೂ ನೋಡದೆ, ಪ್ರತಿ ವರ್ಬಿನ ಅಡಿಗೆ ಗೆರೆ ಎಳೆದು ಅದರ ಸಬ್ಜೆಕ್ಟ್ ಹುಡುಕುತ್ತಾ ಹೋಗಿ.

ಕೊನೆಯದಾಗಿ, ‘ಇಫ್ ಐ ವರ್ ಯೂ’ ಅನ್ನುತ್ತಾರಲ್ಲ, ಅದು ತಪ್ಪಲ್ವಾ?

ತಪ್ಪಲ್ಲ. ಇಲ್ಲದ್ದನ್ನು ಇದೆ ಎಂದು ಕಲ್ಪಿಸಿಕೊಂಡು ಮಾತಾಡುವಾಗ ‘ವಾಸ್’ ಜಾಗದಲ್ಲಿ ‘ವರ್’ ಬರುತ್ತದೆ. ನಾನು ನೀನಾಗಲು ಸಾಧ್ಯವಿಲ್ಲ, ಅದಕ್ಕೇ ‘ಇಫ್ ಐ ವರ್ ಯೂ’. ‘ಇಫ್ ಹಿ ವರ್ ಹಿಯರ್’ ಎಂದರೆ ಅವನು ಇಲ್ಲಿ ಇಲ್ಲ ಎಂದೇ ಅರ್ಥ. ಸಲಹೆ ಕೊಡುವ ವಾಕ್ಯದಲ್ಲೂ ಎಸ್ ಬಿಡುವುದುಂಟು: ‘ದಿ ಡಾಕ್ಟರ್ ಸಜೆಸ್ಟೆಡ್ ದ್ಯಾಟ್ ಹಿ ಗೋ ಟು ಮಂಗಳೂರು’. ಅವನು ಹೋಗಿಲ್ಲ, ಹೋಗಲಿ ಎಂದು ಹೇಳಿದ್ದಷ್ಟೇ. ಇದು ಬರವಣಿಗೆಯ ಇಂಗ್ಲಿಷ್. ಮಾತಿನಲ್ಲಿ ‘ಹಿ ಶುಡ್ ಗೋ’ ಎಂದರೂ ನಡೆಯುತ್ತದೆ.